ಓದುಗನ ಕಾಸು, ಅಂಗಡಿಯ ಕಾಸು

ಅಂತರಜಾಲದಲ್ಲಿ ಬರೆದು ನಾಲ್ಕು ಕಾಸು ಸಂಪಾದಿಸಬೇಕೆಂದು ಹೊರಟವರ ಮನೆಗೆ ಮೊದಲು ಬರುವುದು ಹಣವಲ್ಲ, ಒಂದು ಅಂಚೆ ಕಾಗದ. ಗೂಗಲ್ ಕಂಪನಿಯ 'ಆಡ್‌ಸೆನ್ಸ್' ಎಂಬ ಜಾಹೀರಾತು ವ್ಯವಸ್ಥೆಗೆ ಸೇರಿದವರ ಖಾತೆಯಲ್ಲಿ ಹತ್ತು ಡಾಲರ್ ಜಮೆಯಾಯಿತೆಂದರೆ, ಅವರು ಕೊಟ್ಟ ವಿಳಾಸ ನಿಜವೇ ಎಂದು ತಿಳಿಯಲು ಕಂಪನಿಯು ಗುಪ್ತ ಸಂಖ್ಯೆಯೊಂದನ್ನು ಮುದ್ರಿಸಿ ಸಾದಾ ಅಂಚೆಯಲ್ಲಿ ಕಳಿಸುತ್ತದೆ. ಕ್ಷಣಾರ್ಧದಲ್ಲಿ ಭೂಮಿಯನ್ನು ಸುತ್ತಿಬರುವ ತಂತ್ರಜ್ಞಾನ, ದುಡ್ಡಿನ ಮಾತು ಬಂದೊಡನೆ ಖಾನಾಪುರದ ಅಂಚೆ ಕಚೇರಿಯನ್ನು ಹುಡುಕಿಕೊಂಡು ಬರಬೇಕು. ಪೋಸ್ಟ್‌ಮ್ಯಾನ್ ಚೀಲದಲ್ಲಿ ಕುಳಿತು ಆ ಕಾಗದ ಓಣಿಯ ಮನೆ ಮುಟ್ಟಲು ಎರಡು ವಾರವೂ ಆದೀತು, ನಾಲ್ಕು ವಾರವೂ ಆದೀತು. ಆ ಸಂಖ್ಯೆಯನ್ನು ತುಂಬಿದ ಮೇಲೂ ಹಣ ಕೈಗೆ ಬಾರದು. ಲೆಕ್ಕ ನೂರು ಡಾಲರ್ ದಾಟಬೇಕು.

ಈ ವ್ಯವಹಾರ ಮೇಲ್ನೋಟಕ್ಕೆ ತೀರ ಹೊಸದು. ಆದರೆ ಇದರ ಒಳಗಿರುವ ಪ್ರಶ್ನೆ ಹಳೆಯದು. ಬರೆಯುವುದಕ್ಕೆ ಖರ್ಚಿದೆ; ಆ ಖರ್ಚನ್ನು ಹೊರುವವರು ಯಾರು? ಸರಕಾರವೆ, ಓದುಗನೆ, ಅಂಗಡಿಯವನೆ? ಹೊರುವವರು ಯಾರೆಂಬುದರ ಮೇಲೆ ಬರೆಯುವುದೇನು, ಬಿಡುವುದೇನು ಎಂಬುದೂ ನಿರ್ಧಾರವಾಗುತ್ತದೆ. ಕನ್ನಡ, ಮರಾಠಿ, ಇಂಗ್ಲಿಷ್ ಈ ಮೂರೂ ಭಾಷೆಗಳಲ್ಲಿ ಓದುವ ಬೆಳಗಾವಿಗೆ ಈ ಪ್ರಶ್ನೆ ನೂರಎಪ್ಪತ್ತು ವರ್ಷಗಳಿಗೂ ಮಿಕ್ಕಿ ಪರಿಚಿತವಾದುದು.

ಸರಕಾರದ ಆಸರೆ, ಓದುಗರ ಚಂದಾ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು. ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಅದನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದರ ಬೆನ್ನು ವೆಚ್ಚವನ್ನು ಹೊತ್ತದ್ದು ಬಾಸೆಲ್ ಮಿಷನ್. ಅದಾದ ಆರೇ ವರ್ಷಗಳಲ್ಲಿ, 1849ರಲ್ಲಿ, ಬೆಳಗಾವಿಯಲ್ಲಿ 'ಸುಬುದ್ಧಿ ಪ್ರಕಾಶ' ಕಾಣಿಸಿಕೊಂಡಿತು. ಮುಂದೆ 1860ರ ದಶಕದಲ್ಲಿ ಬೆಳಗಾವಿಯಿಂದಲೇ 'ಮಠಪತ್ರಿಕೆ' ಹೊರಟಿತು. ಮಠವೆಂದರೆ ಇಲ್ಲಿ ಸನ್ಯಾಸಿಗಳ ಮಠವಲ್ಲ, ಊರ ಸಾಲಿ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿ ತುಂಬಿದ್ದ ಕಾಲದಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಲು ದುಡಿದ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಈ ಪತ್ರಿಕೆಯೊಂದಿಗೆ ಬೆಸೆದುಕೊಂಡಿದೆ. ಅದೇ ಮುಂದೆ 'ಶಾಲಾಪತ್ರಿಕೆ'ಯಾಗಿ, ಬಳಿಕ 'ಜೀವನ ಶಿಕ್ಷಣ'ವಾಗಿ ಧಾರವಾಡದಿಂದ ಬೆಳೆಯಿತು. ಶಿಕ್ಷಣ ಇಲಾಖೆಯ ಆಸರೆಯಿದ್ದುದರಿಂದ ಅದು ಬದುಕಿತು. ಆಸರೆ ಕೊಟ್ಟವರ ವಿರುದ್ಧ ಅದು ಬರೆಯುವಂತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಸರಕಾರದ ಹಂಗಿಲ್ಲದೆ ಬರೆಯಬೇಕೆಂದವರಿಗೆ ಉಳಿದದ್ದು ಓದುಗನ ಕಾಸು. ಅದನ್ನು ಕೂಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಗಳಗನಾಥರೇ ಸಾಕ್ಷಿ. ತಾವೇ ಬರೆದ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದ ಆ ಹಿರಿಯರ ಕಥೆ ಉತ್ತರ ಕರ್ನಾಟಕದ ಮನೆಮಾತು. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಬೇರೊಂದು ದಾರಿ ಹಿಡಿಯಿತು. ಓದುಗರಿಂದ ಮುಂಗಡವಾಗಿ ವರ್ಷದ ಚಂದಾ ಪಡೆದು, ಆ ಹಣದಲ್ಲಿ ಪುಸ್ತಕ ಅಚ್ಚು ಹಾಕಿಸಿ ಮನೆಗೆ ಕಳಿಸುವುದು ಅದರ ಕ್ರಮ. ಇಂದು ಜಾಲತಾಣಗಳು 'ಸಬ್‌ಸ್ಕ್ರಿಪ್ಷನ್' ಎಂದು ಹೊಸದಾಗಿ ಕಂಡುಹಿಡಿದವರಂತೆ ಹೇಳುವುದು ಇದನ್ನೇ.

ಮೂರನೆಯ ದಾರಿ ಅಂಗಡಿಯ ಕಾಸು, ಅರ್ಥಾತ್ ಜಾಹೀರಾತು. ಜಾಹೀರು ಎಂದರೆ ಬಹಿರಂಗ. ಅರಬ್ಬಿ ಮೂಲದ ಈ ಮಾತು ಮರಾಠಿಯಲ್ಲೂ ಇದೆ, ಕನ್ನಡದಲ್ಲೂ ಇದೆ. ಊರಲ್ಲಿ ಡಂಗುರ ಹೊಡೆಯುವವನು ಮಾಡುತ್ತಿದ್ದ ಕೆಲಸವನ್ನು ಪತ್ರಿಕೆಯ ಪುಟ ವಹಿಸಿಕೊಂಡಿತು. ಬೆಳಗಾವಿಯಲ್ಲಿ 1919ರಲ್ಲಿ ಬಾಬುರಾವ್ ಠಾಕೂರರು 'ತರುಣ ಭಾರತ' ಮರಾಠಿ ಪತ್ರಿಕೆಯನ್ನು ಆರಂಭಿಸಿದರು. 1920ರ ದಶಕದ ಕೊನೆಯಲ್ಲಿ ಇದೇ ಊರಲ್ಲಿ ಹುಟ್ಟಿದ 'ಸಂಯುಕ್ತ ಕರ್ನಾಟಕ' ಮುಂದಿನ ದಶಕದಲ್ಲಿ ಹುಬ್ಬಳ್ಳಿಗೆ ಸ್ಥಳಾಂತರವಾಯಿತು. ಒಂದು ಊರು ಪತ್ರಿಕೆಯನ್ನು ಹಡೆಯಬಹುದು. ಆದರೆ ಸಾಕಲು ಓದುಗರೂ ಬೇಕು, ಪೇಟೆಯೂ ಬೇಕು. ರೈಲು ಕೂಡುವ, ಹತ್ತಿ ವ್ಯಾಪಾರ ನಡೆಯುವ ಹುಬ್ಬಳ್ಳಿಗೆ ಅಂಥ ಬಲವಿತ್ತು.

ಜಾಹೀರಾತು ಬೇಡವೆಂದ ಸಂಪಾದಕ

ಜಾಹೀರಾತಿನ ಹಣವನ್ನು ಮುಟ್ಟದೆ ಪತ್ರಿಕೆ ನಡೆಸಿದ ಒಬ್ಬ ಸಂಪಾದಕರು ಬೆಳಗಾವಿಯ ಇತಿಹಾಸದಲ್ಲಿ ಬೇರೊಂದು ಕಾರಣಕ್ಕೆ ಅಮರರಾಗಿದ್ದಾರೆ. 1924ರ ಡಿಸೆಂಬರಿನಲ್ಲಿ ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನಕ್ಕೆ ಮಹಾತ್ಮ ಗಾಂಧೀಜಿ ಅಧ್ಯಕ್ಷರು. ಅವರು ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಲ್ಲಿ ಕುಳಿತದ್ದು ಅದೊಂದೇ ಸಲ. ಆ ಹೊತ್ತಿಗೆ ಅವರು ಇಂಗ್ಲಿಷಿನಲ್ಲಿ 'ಯಂಗ್ ಇಂಡಿಯಾ', ಗುಜರಾತಿಯಲ್ಲಿ 'ನವಜೀವನ' ನಡೆಸುತ್ತಿದ್ದರು. ಎರಡರಲ್ಲೂ ಜಾಹೀರಾತು ಇರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ 'ಇಂಡಿಯನ್ ಒಪೀನಿಯನ್' ಮೊದಮೊದಲು ಜಾಹೀರಾತು ಪಡೆಯುತ್ತಿತ್ತು. ಅನುಭವ ಮಾಗಿದ ಮೇಲೆ ಅವರು ಅದನ್ನು ಕೈಬಿಟ್ಟರು. ಅಂದಿನ ಪತ್ರಿಕೆಗಳಲ್ಲಿ ಮೋಸದ ಔಷಧಿಗಳ, ಅಸಭ್ಯ ಸರಕುಗಳ ಪ್ರಚಾರ ತುಂಬಿರುತ್ತಿತ್ತು ಎಂಬುದು ಒಂದು ಕಾರಣ. ಓದುಗರಿಗೆ ಬೇಕೆನಿಸದ ಪತ್ರಿಕೆ ಬೇರೆಯವರ ದುಡ್ಡಿನಿಂದ ಉಸಿರಾಡಬಾರದು ಎಂಬುದು ಇನ್ನೊಂದು.

ಗಾಂಧೀಜಿಯ ಪತ್ರಿಕೆಗೆ ದೇಶವೇ ಓದುಗ ಬಳಗ. ಜಿಲ್ಲೆಯ, ತಾಲ್ಲೂಕಿನ ಪತ್ರಿಕೆಗೆ ಆ ಭಾಗ್ಯವಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಸಣ್ಣ ಪತ್ರಿಕೆಗಳ ಒಲೆ ಉರಿದದ್ದು ಸರಕಾರಿ ಪ್ರಕಟಣೆ, ನ್ಯಾಯಾಲಯದ ನೋಟೀಸು, ಟೆಂಡರು, ಸಹಕಾರಿ ಬ್ಯಾಂಕಿನ ವಾರ್ಷಿಕ ಸಭೆಯ ತಿಳಿವಳಿಕೆ, ಹಬ್ಬದ ಶುಭಾಶಯ ಇವುಗಳಿಂದಲೇ. ಹಣ ಕೊಟ್ಟವನು ಯಾರೆಂದು ಸಂಪಾದಕನಿಗೆ ಗೊತ್ತಿರುತ್ತಿತ್ತು, ಓದುಗನಿಗೂ ಕಾಣುತ್ತಿತ್ತು. ಅಂಗಡಿಯವನು, ಪತ್ರಿಕೆಯವನು, ಓದುಗ ಮೂವರೂ ಒಂದೇ ಪೇಟೆಯವರು. ಅಂತರಜಾಲದ ಜಾಹೀರಾತು ಮುರಿದದ್ದು ಈ ಪರಿಚಯವನ್ನು.

ಯಂತ್ರಕ್ಕೆ ಕನ್ನಡ ಬಾರದ ದಿನಗಳು

ಜಾಲತಾಣದ ಮೇಲೆ ಪಟ್ಟಿಯಂಥ ಜಾಹೀರಾತು ಮೊದಲು ಕಾಣಿಸಿಕೊಂಡದ್ದು 1994ರ ಅಕ್ಟೋಬರ್ 27ರಂದು, ಅಮೆರಿಕದ 'ಹಾಟ್‌ವೈರ್ಡ್' ಎಂಬ ತಾಣದಲ್ಲಿ. ಕೊಟ್ಟದ್ದು ಎಟಿ ಅಂಡ್ ಟಿ ಎಂಬ ದೂರವಾಣಿ ಕಂಪನಿ. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ತೆರೆದದ್ದು ಮರುವರ್ಷ, 1995ರ ಆಗಸ್ಟ್ 15ರಂದು. ಕನ್ನಡ ಹಿಂದೆ ಬೀಳಲಿಲ್ಲ. 1996ರಲ್ಲೇ ಯು.ಬಿ. ಪವನಜ ಅವರ 'ವಿಶ್ವಕನ್ನಡ' ಅಂತರಜಾಲಕ್ಕೆ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಕನ್ನಡಿಗರ ಕೈಸೇರಿತು. 2000ದಲ್ಲಿ ಹುಟ್ಟಿದ 'ದಟ್ಸ್ ಕನ್ನಡ' ದಿನದಿನವೂ ಸುದ್ದಿ ಕೊಡತೊಡಗಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರ 'ಸಂಪದ' ಬಂತು. ಆ ದಶಕದ ಉತ್ತರಾರ್ಧದಲ್ಲಿ ಕನ್ನಡ ಬ್ಲಾಗುಗಳ ಸುಗ್ಗಿಯೇ ಆಯಿತು.

ಇವರಲ್ಲಿ ಬಹುಮಂದಿ ಬರೆದದ್ದು ಪ್ರೀತಿಗೆ, ಕಾಸಿಗಲ್ಲ. ಕಾಸು ಬೇಕೆಂದರೂ ಬರುವ ದಾರಿ ಇರಲಿಲ್ಲ. ಅದರ ಕಾರಣ ಕುತೂಹಲಕರವಾದುದು. ಆರಂಭದ ಕನ್ನಡ ಅಕ್ಷರಶೈಲಿಗಳು ಕಂಪ್ಯೂಟರಿಗೆ ಮಾಡುತ್ತಿದ್ದುದು ಒಂದು ಬಗೆಯ ವೇಷ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಲಾಗುತ್ತಿತ್ತು. ಓದುಗನ ಕಣ್ಣಿಗೆ 'ಕನ್ನಡ' ಎಂದು ಕಂಡದ್ದು ಯಂತ್ರದ ಲೆಕ್ಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹುಡುಕುಯಂತ್ರ ಅದನ್ನು ಹುಡುಕಿಕೊಡಲಾರದು. ಜಾಹೀರಾತಿನ ಯಂತ್ರ ಅದರ ವಿಷಯ ತಿಳಿಯಲಾರದು. ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಶಿಷ್ಟತೆಯಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗವಿತ್ತು. ಅದು ಮನೆಮನೆಯ ಕಂಪ್ಯೂಟರಿಗೆ ಇಳಿಯಲು ಮಾತ್ರ ಮತ್ತೊಂದು ದಶಕ ಹಿಡಿಯಿತು.

ವಿಷಯ ತಿಳಿಯುವುದೇಕೆ ಮುಖ್ಯವೆಂದರೆ, ಹೊಸ ಜಾಹೀರಾತಿನ ಇಡೀ ಕಟ್ಟಡ ನಿಂತಿರುವುದು ಅದರ ಮೇಲೆ. 2003ರ ಜೂನ್ ತಿಂಗಳಲ್ಲಿ ಗೂಗಲ್ ಆಡ್‌ಸೆನ್ಸ್ ಆರಂಭಿಸಿತು. ಪುಟದ ಒಡೆಯ ಒಂದು ತುಂಡು ಸಂಕೇತವನ್ನು ತನ್ನ ತಾಣದಲ್ಲಿ ಅಂಟಿಸಿದರೆ ಸಾಕು. ಯಂತ್ರವೇ ಬರಹವನ್ನು ಓದಿ, ಅಡಿಗೆಯ ಪುಟಕ್ಕೆ ಮಿಕ್ಸರ್ ಜಾಹೀರಾತು, ಪ್ರವಾಸದ ಪುಟಕ್ಕೆ ಹೋಟೆಲ್ ಜಾಹೀರಾತು ತಂದು ಕೂರಿಸುತ್ತದೆ. ಓದುಗ ಪುಟ ತೆರೆಯುವ ಆ ಕಣ್ಣೆವೆಯಷ್ಟು ಹೊತ್ತಿನಲ್ಲಿ ಜಾಹೀರಾತುದಾರರ ನಡುವೆ ಲಿಲಾವು ನಡೆದು, ಹೆಚ್ಚು ಕೂಗಿದವನಿಗೆ ಜಾಗ ಸಿಕ್ಕಿರುತ್ತದೆ. ಬೆಳಗಾವಿಯ ರವಿವಾರ ಪೇಟೆಯಲ್ಲಿ ದಲಾಲರು ಸರಕಿನ ಮುಂದೆ ನಿಂತು ಮಾಡುವ ಕೆಲಸವೇ ಇದು. ಇಲ್ಲಿ ಸರಕು ಓದುಗನ ಗಮನ.

ಆದರೆ ಈ ದಲಾಲನಿಗೆ ಭಾರತೀಯ ಭಾಷೆ ಬರುತ್ತಿರಲಿಲ್ಲ. ಹಿಂದಿಗೆ ಆಡ್‌ಸೆನ್ಸ್ ಬಾಗಿಲು ತೆರೆದದ್ದು 2014ರ ಡಿಸೆಂಬರಿನಲ್ಲಿ, ಅಂದರೆ ವ್ಯವಸ್ಥೆ ಹುಟ್ಟಿ ಹನ್ನೊಂದು ವರ್ಷಗಳ ಮೇಲೆ. ಬಂಗಾಳಿ 2017ರಲ್ಲಿ, ತಮಿಳು 2018ರಲ್ಲಿ ಸೇರಿದವು. ಕನ್ನಡ ಆ ಪಟ್ಟಿಗೆ ಬಂದದ್ದು ಅವುಗಳ ಬಳಿಕ. ಹೀಗಾಗಿ ಬಹಳ ಕಾಲ ಬೆಳಗಾವಿಯವನೊಬ್ಬ ತನ್ನ ಊರಿನ ಬಗ್ಗೆ ಬರೆದು ಜಾಹೀರಾತಿನ ಹಣ ಪಡೆಯಬೇಕೆಂದರೆ ಇಂಗ್ಲಿಷಿನಲ್ಲಿ ಬರೆಯುವುದೇ ಸುಲಭದ ಹಾದಿಯಾಗಿತ್ತು. ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಗಡಿಯ ಊರಲ್ಲಿ ಯಾವ ಭಾಷೆ ಮೇಲು ಎಂದು ದಶಕಗಳಿಂದ ನಡೆದ ವಾದದ ನಡುವೆ, ದೂರದ ಯಂತ್ರವೊಂದು ಎರಡನ್ನೂ ಬದಿಗಿಟ್ಟು ಮೂರನೆಯದಕ್ಕೆ ಹಣ ಕೊಟ್ಟಿತು.

ಆಡ್‌ಸೆನ್ಸ್ ಹುಟ್ಟಿದ ಅದೇ 2003ರ ಜೂನ್ ತಿಂಗಳಲ್ಲಿ ಕನ್ನಡ ವಿಕಿಪೀಡಿಯ ಕೂಡ ಆರಂಭವಾಯಿತು. ಒಂದು ಪೂರ್ತಿ ಜಾಹೀರಾತಿನ ಮೇಲೆ ನಿಂತದ್ದು. ಇನ್ನೊಂದು ಜಾಹೀರಾತನ್ನೇ ಒಲ್ಲದೆ ಓದುಗರ ದೇಣಿಗೆಯಿಂದ ನಡೆಯುವುದು. ಬೆಳಗಾವಿ ಅಧಿವೇಶನದ ಕಾಲದ ಹಳೆಯ ವಾದ ಹೊಸ ವೇಷದಲ್ಲಿ ಎದ್ದು ನಿಂತಂತಾಯಿತು.

ಸಾವಿರ ನೋಟದ ಲೆಕ್ಕ

ಈ ವ್ಯವಹಾರದಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಜಾಹೀರಾತಿನ ಬೆಲೆಯನ್ನು ಸಾಮಾನ್ಯವಾಗಿ ಸಾವಿರ ನೋಟಕ್ಕೆ ಇಷ್ಟು ಎಂದು ಅಳೆಯುತ್ತಾರೆ. ಜಾಹೀರಾತುದಾರ ಕೊಟ್ಟ ಹಣದಲ್ಲಿ ನೂರಕ್ಕೆ 68ರಷ್ಟು ಪುಟದ ಒಡೆಯನಿಗೆ ಸಲ್ಲುತ್ತದೆ ಎಂದು ಗೂಗಲ್ 2010ರಲ್ಲಿ ಮೊದಲ ಬಾರಿಗೆ ಬಹಿರಂಗಪಡಿಸಿತು. ಬಹುಪಾಲು ಒತ್ತಿದ್ದಕ್ಕೆ ಹಣ ಎಂಬ ಕ್ರಮವಿದ್ದುದನ್ನು 2024ರಲ್ಲಿ ಕಂಡದ್ದಕ್ಕೆ ಹಣ ಎಂದು ಬದಲಿಸಿತು. ಬೆಲೆ ಒಂದೇ ಸಮನಲ್ಲ. ಓದುಗ ಅಮೆರಿಕದಲ್ಲಿದ್ದರೆ ಹೆಚ್ಚು, ಭಾರತದಲ್ಲಿದ್ದರೆ ಕಡಿಮೆ. ವಿಮೆ, ಸಾಲ, ಶೇರುಗಳ ಬಗ್ಗೆ ಬರೆದರೆ ಹೆಚ್ಚು. ಜಾನಪದದ ಬಗ್ಗೆ ಬರೆದರೆ ಕಡಿಮೆ.

ಲೆಕ್ಕಕ್ಕೆಂದು ಸಾವಿರ ನೋಟಕ್ಕೆ 50 ರೂಪಾಯಿ, ಡಾಲರಿಗೆ 85 ರೂಪಾಯಿ ಎಂದು ಹಿಡಿಯೋಣ. ನೂರು ಡಾಲರ್ ಎಂದರೆ 8,500 ರೂಪಾಯಿ. ಅದಕ್ಕೆ ಬೇಕಾದ ನೋಟ 1,70,000. ಖಾನಾಪುರ ತಾಲ್ಲೂಕಿನ ಜನಸಂಖ್ಯೆ 2011ರ ಜನಗಣತಿಯಂತೆ ಹಸುಗೂಸುಗಳೂ ಸೇರಿ ಸುಮಾರು ಎರಡೂವರೆ ಲಕ್ಷ. ಅಂದರೆ ತಾಲ್ಲೂಕಿನ ಪ್ರತಿ ಮೂವರಲ್ಲಿ ಇಬ್ಬರು ಒಂದೊಂದು ಸಲ ಪುಟ ತೆರೆದರೆ ಬರೆದವನಿಗೆ ಮೊದಲ ಹಣ ಕೈಸೇರೀತು. ಊರಿನ ಬಗ್ಗೆ ಊರಿನವರಿಗಾಗಿಯೇ ಬರೆದು ಈ ಹಾದಿಯಲ್ಲಿ ಬದುಕುವುದು ಏಕೆ ಕಷ್ಟವೆಂಬುದು ಇದರಿಂದ ತಿಳಿಯುತ್ತದೆ. ಬೇಗ ಮುಟ್ಟಲೆಂದು ತಾನೇ ಒತ್ತಿಕೊಂಡರೆ, ಗೆಳೆಯರಿಂದ ಒತ್ತಿಸಿದರೆ, ಯಂತ್ರ ಅದನ್ನು ಪತ್ತೆಹಚ್ಚಿ ಖಾತೆಯನ್ನೇ ಮುಚ್ಚಬಹುದು. ಕೂಡಿಟ್ಟ ಹಣವೂ ಆಗ ಹೋಗುತ್ತದೆ.

ಬ್ಲಾಗ್ ಬರೆದು ತಿಂಗಳಿಗೆ ಲಕ್ಷ ಗಳಿಸಿ ಎಂದು ಪಾಠ ಹೇಳಿ ಶುಲ್ಕ ಪಡೆಯುವವರು ಈ ಭಾಗಾಕಾರವನ್ನು ತೋರಿಸುವುದು ಅಪರೂಪ. ಗಳಿಸಿದವರು ಇಲ್ಲವೆಂದಲ್ಲ. ಆದರೆ ಅವರ ಓದುಗರು ಒಂದು ತಾಲ್ಲೂಕಿನವರಾಗಿರುವುದಿಲ್ಲ. ಇಡೀ ರಾಜ್ಯ, ಕೆಲವೊಮ್ಮೆ ಇಡೀ ದೇಶ ಅವರ ಪೇಟೆ.

ಮೂರು ಖಾನಾಪುರಗಳು

ಸಣ್ಣ ಊರಿಗೆ ಇನ್ನೊಂದು ತೊಡಕು ಹೆಸರಿನದು. ಹುಡುಕುಯಂತ್ರದಲ್ಲಿ ಖಾನಾಪುರ ಎಂದು ಬರೆದರೆ ಮಲಪ್ರಭೆಯ ದಂಡೆಯ ಖಾನಾಪುರವೇ ಬರಬೇಕೆಂದಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲೊಂದು ಖಾನಾಪುರವಿದೆ, ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿ ಇನ್ನೊಂದಿದೆ. ಬಸ್ ಸ್ಟ್ಯಾಂಡಿನಲ್ಲಿ ಯಾವ ಖಾನಾಪುರ ಎಂದು ಕೇಳುವ ಪ್ರಸಂಗವೇ ಬಾರದು. ಅಂತರಜಾಲದಲ್ಲಿ ಅದನ್ನು ಪ್ರತಿ ಪುಟವೂ ಹೇಳಿಕೊಳ್ಳಬೇಕು.

ಬೆಳಗಾವಿಯದು ಬೇರೆ ಕಥೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು, ಬೆಲ್ಗಾಮ್ ಬೆಳಗಾವಿಯಾಯಿತು. ಕನ್ನಡಿಗರಿಗೆ ಅದು ಸಂತೋಷದ ಗಳಿಗೆ. ಆದರೆ ಹಳೆಯ ಹೆಸರನ್ನೇ ವಿಳಾಸ ಮಾಡಿಕೊಂಡಿದ್ದ ಜಾಲತಾಣಗಳಿಗೆ ವಿಳಾಸವೆಂದರೆ ವರ್ಷಗಟ್ಟಲೆ ಕೂಡಿಟ್ಟ ಆಸ್ತಿ. ಅದನ್ನು ಬದಲಿಸಿದರೆ ಹುಡುಕುಯಂತ್ರದಲ್ಲಿ ಗಳಿಸಿದ ಸ್ಥಾನಕ್ಕೆ ಧಕ್ಕೆ. ಜನರೂ ಹಳೆಯ ಹೆಸರಿನಲ್ಲೇ ಹುಡುಕುವುದನ್ನು ಒಮ್ಮೆಲೇ ಬಿಡಲಿಲ್ಲ. ಸರಕಾರದ ಫಲಕ ಒಂದು ರಾತ್ರಿಯಲ್ಲಿ ಬದಲಾಗುತ್ತದೆ, ಪೇಟೆಯ ಬಾಯಿ ನಿಧಾನವಾಗಿ ಬದಲಾಗುತ್ತದೆ.

ಕಣಕುಂಬಿಯ ಸುದ್ದಿಗೆ ಬೆಲೆ ಎಷ್ಟು?

ಇಷ್ಟೆಲ್ಲ ಲೆಕ್ಕದ ಹಿಂದಿರುವ ನಿಜವಾದ ಚಿಂತೆ ಹಣದ್ದಲ್ಲ, ಸುದ್ದಿಯದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಕಳಸಾ ನಾಲೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಯ ನೆಲೆಯೂ ಅದೇ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಾಗ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರು, ನರಗುಂದದ ರೈತರ ಹೋರಾಟ, ಭೀಮಗಡದ ಕಾಡು, ಗೋವೆಯ ಆತಂಕ ಎಲ್ಲವೂ ಆ ಒಂದು ಹಳ್ಳಿಯ ಸುತ್ತ ಹೆಣೆದುಕೊಂಡಿದ್ದವು. ಇದನ್ನು ತಿಳಿದು ಬರೆಯಬೇಕೆಂದರೆ ಒಬ್ಬರು ಅಲ್ಲಿಗೆ ಹೋಗಬೇಕು, ಮಳೆಗಾಲದಲ್ಲಿ ನಡೆದು ನೋಡಬೇಕು, ಕಾಗದಪತ್ರ ಓದಬೇಕು. ನಾಲ್ಕು ದಿನದ ದುಡಿಮೆ. ಅದೇ ಹೊತ್ತಿನಲ್ಲಿ ಚಿತ್ರನಟಿಯ ಮದುವೆಯ ಬಗ್ಗೆ ಬೇರೆಡೆ ಬಂದುದನ್ನು ತಿರುಗಿಸಿ ಬರೆಯಲು ಹತ್ತು ನಿಮಿಷ ಸಾಕು. ಯಂತ್ರ ಇಬ್ಬರಿಗೂ ನೋಟದ ಲೆಕ್ಕದಲ್ಲೇ ಕೂಲಿ ಕೊಡುತ್ತದೆ, ದುಡಿಮೆಯ ಲೆಕ್ಕದಲ್ಲಲ್ಲ. 'ಇದನ್ನು ಓದಿದರೆ ಬೆಚ್ಚಿಬೀಳುತ್ತೀರಿ' ಎಂಬ ತಲೆಬರಹಗಳು ಕನ್ನಡದಲ್ಲಿ ಹೆಚ್ಚಿದ್ದಕ್ಕೆ ಬರೆಯುವವರ ಅಭಿರುಚಿಯೊಂದೇ ಕಾರಣವಲ್ಲ.

ಇದರ ಮೇಲೆ ಇನ್ನೊಂದು ಹೊಡೆತ ಬಿದ್ದಿದೆ. 2024ರಿಂದ ಹುಡುಕುಯಂತ್ರವೇ ಕೃತಕ ಬುದ್ಧಿಮತ್ತೆಯಿಂದ ಉತ್ತರದ ಸಾರಾಂಶವನ್ನು ಮೇಲೆ ಕೊಡತೊಡಗಿದೆ. ಹಲಸಿಯ ಭೂವರಾಹ ನರಸಿಂಹ ದೇವಾಲಯವನ್ನು ಕಟ್ಟಿಸಿದವರು ಯಾರೆಂದು ಕೇಳಿದವನಿಗೆ ಉತ್ತರ ಅಲ್ಲೇ ಸಿಕ್ಕರೆ, ಹಲಸಿಗೆ ಹೋಗಿ ನೋಡಿ ಬರೆದವನ ಪುಟಕ್ಕೆ ಅವನು ಬರುವುದೇಕೆ? ನೋಟವಿಲ್ಲದೆಡೆ ಕಾಸಿಲ್ಲ. ಸರಕಾರ ಈ ದೈತ್ಯರ ಆದಾಯದ ಮೇಲೆ ಕೈಯಿಟ್ಟದ್ದೂ ಉಂಟು. ವಿದೇಶಿ ಕಂಪನಿಗಳಿಗೆ ಸಲ್ಲುವ ಅಂತರಜಾಲ ಜಾಹೀರಾತಿನ ಹಣದ ಮೇಲೆ 2016ರ ಜೂನ್‌ನಿಂದ ನೂರಕ್ಕೆ 6ರ ತೆರಿಗೆ ಇತ್ತು. 2025ರ ಏಪ್ರಿಲ್ 1ರಿಂದ ಅದು ರದ್ದಾಯಿತು. ಆ ತೆರಿಗೆ ಇದ್ದಾಗಲೂ ಸೇರಿದ್ದು ಬೊಕ್ಕಸಕ್ಕೆ, ಬರೆಯುವವನಿಗಲ್ಲ. ಕೇಂದ್ರ ಸರಕಾರದ 2023ರ ಡಿಜಿಟಲ್ ಜಾಹೀರಾತು ನೀತಿಯಿಂದ ಜಾಲತಾಣಗಳಿಗೂ ಸರಕಾರಿ ಜಾಹೀರಾತು ಸಿಗುವ ಹಾದಿ ತೆರೆದಿದೆ. ಆದರೆ ಅಲ್ಲಿಯೂ ಓದುಗರ ಸಂಖ್ಯೆಯೇ ಅಳತೆಗೋಲು.

ಹಾಗಾದರೆ ಊರಿನ ಬರಹ ಉಳಿಯುವ ದಾರಿ ಯಾವುದು? ವಿಚಿತ್ರವೆಂದರೆ, ಅದು ಹಳೆಯ ದಾರಿಯೇ ಇರಬಹುದು. ಯಂತ್ರದ ಲಿಲಾವನ್ನು ನಂಬದೆ, ಕುಂದಾ ಮಾರುವ ಮಿಠಾಯಿ ಅಂಗಡಿ, ಟ್ಯೂಷನ್ ಕ್ಲಾಸು, ಖಾನಾಪುರದ ಇಟ್ಟಿಗೆ-ಹೆಂಚಿನ ವ್ಯಾಪಾರಿ, ಕಾಡಂಚಿನ ವಸತಿಗೃಹ ಇವರಿಂದ ನೇರವಾಗಿ ತಿಂಗಳ ಲೆಕ್ಕದಲ್ಲಿ ಜಾಹೀರಾತು ಪಡೆದರೆ ನಡುವಿನ ದಲಾಲಿ ತಪ್ಪುತ್ತದೆ. ಇಟ್ಟಿಗೆ ವ್ಯಾಪಾರಿಗೆ ಬೇಕಾದುದು ದೇಶದ ಒಂದು ಲಕ್ಷ ಕಣ್ಣುಗಳಲ್ಲ, ಮನೆ ಕಟ್ಟಿಸಲು ಹೊರಟ ತಾಲ್ಲೂಕಿನ ನೂರು ಜನ. ಅಂಥ ಓದುಗ ಬಳಗ ಸಣ್ಣ ತಾಣಕ್ಕೇ ಇರುವುದು. ಇಲ್ಲಿಯೂ ಹಂಗು ಇದ್ದೇ ಇದೆ. ಜಾಹೀರಾತು ಕೊಟ್ಟವನ ತಪ್ಪನ್ನು ಬರೆಯುವ ಧೈರ್ಯ ಎಷ್ಟು ಜನರಿಗಿದ್ದೀತು? ಆದರೆ ಈ ಹಂಗು ಕಣ್ಣಿಗೆ ಕಾಣುವಂಥದು, ಓದುಗ ಕೇಳಬಹುದಾದಂಥದು.

ಇನ್ನುಳಿದದ್ದು ಓದುಗನ ಕಾಸು. ಪುಕ್ಕಟೆ ಸಿಗುವುದಕ್ಕೆ ದುಡ್ಡೇಕೆ ಎಂದು ಕೇಳುವುದು ಸಹಜ. ಆದರೆ ಪುಕ್ಕಟೆ ಎಂಬುದು ಇಲ್ಲಿ ಬರಿಯ ತೋರಿಕೆ. ಅಂಗಡಿಯವನು ಜಾಹೀರಾತಿಗೆ ಸುರಿದ ಹಣ ಸರಕಿನ ಬೆಲೆಯಲ್ಲಿ ಸೇರಿ ಗಿರಾಕಿಯ ಕಿಸೆಯಿಂದಲೇ ಹೊರಡುತ್ತದೆ. ಓದುಗ ಹೇಗೂ ತೆರುತ್ತಿದ್ದಾನೆ. ಯಾವ ಬರಹಕ್ಕೆ ತೆರುತ್ತಿದ್ದಾನೆ ಎಂಬುದನ್ನು ಆರಿಸುವ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟಿದ್ದಾನೆ. ಗಳಗನಾಥರ ಗಂಟಿನಿಂದ ಒಂದು ಪುಸ್ತಕ ಕೊಂಡವನ ಕೈಯಲ್ಲಿ ಆ ಅಧಿಕಾರವಿತ್ತು. ಕಣಕುಂಬಿಗೆ ಹೋಗಿ ಬಂದು ಬರೆಯುವವರು ಬೇಕೋ ಬೇಡವೋ ಎಂಬುದನ್ನು ಈಗಲೂ ತೀರ್ಮಾನಿಸಬಲ್ಲವನು ಅವನೇ.